ನಕ್ಷೆ ಹಿಡಿದು ಹೊರಟ ಮಕ್ಕಳು ಎಣಿಕೆಗೆ ಸಿಗಬೇಕು: ಶಾಲಾ ಓರಿಯೆಂಟೀರಿಂಗ್ ಪ್ರವಾಸಕ್ಕೆ ಸುರಕ್ಷತಾ ಯೋಜನೆ



ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸಗಳ ಕಾಲ. ದೇವಸ್ಥಾನ, ಅಣೆಕಟ್ಟು, ಕೋಟೆ ನೋಡಿ ಬರುವುದರ ಜೊತೆಗೆ ಈಗ ಕೆಲವು ಶಾಲೆಗಳು ಮಕ್ಕಳ ಕೈಗೆ ನಕ್ಷೆ, ದಿಕ್ಸೂಚಿ ಕೊಟ್ಟು ತಾವೇ ದಾರಿ ಹುಡುಕಿಕೊಂಡು ಬರುವ ‘ಓರಿಯೆಂಟೀರಿಂಗ್’ ಆಟವನ್ನೂ ಆಡಿಸುತ್ತಿವೆ. ಆಟ ಒಳ್ಳೆಯದು, ಖರ್ಚೂ ಕಡಿಮೆ. ಆದರೆ ಇದಕ್ಕೆ ಬೇಕಾದ ಎಚ್ಚರ ಸಾಮಾನ್ಯ ಪ್ರವಾಸದ ಎಚ್ಚರದಂಥದಲ್ಲ. ಶಾಲೆಗಳು ತೆಗೆದಿಟ್ಟುಕೊಂಡು ಬಳಸಲು ಅನುಕೂಲವಾಗಲೆಂದು ಮುಖ್ಯ ಅಂಶಗಳನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಓರಿಯೆಂಟೀರಿಂಗ್ ಎಂದರೇನು?

ನಕ್ಷೆ ಮತ್ತು ದಿಕ್ಸೂಚಿಯ ನೆರವಿನಿಂದ, ಗುರುತು ಮಾಡಿದ ಜಾಗಗಳನ್ನು ಒಂದೊಂದಾಗಿ ಹುಡುಕಿ, ಎಲ್ಲವನ್ನೂ ಮುಟ್ಟಿ ಹಿಂತಿರುಗುವ ಆಟ ಇದು. ಈ ಹೆಸರು 1886ರಲ್ಲಿ ಸ್ವೀಡನ್ನಿನ ಸೈನಿಕ ಶಿಕ್ಷಣದಲ್ಲಿ ಬಳಕೆಗೆ ಬಂತು. ಸಾರ್ವಜನಿಕರಿಗಾಗಿ ಮೊದಲ ಸ್ಪರ್ಧೆ ನಡೆದದ್ದು 1897ರಲ್ಲಿ ನಾರ್ವೆಯಲ್ಲಿ. ಅಂತರರಾಷ್ಟ್ರೀಯ ಒಕ್ಕೂಟ 1961ರಲ್ಲಿ ಸ್ಥಾಪನೆಯಾಯಿತು. ನಮ್ಮಲ್ಲಿ ಸ್ಕೌಟ್ ಮತ್ತು ಗೈಡ್, ಎನ್‌ಸಿಸಿ ಮಕ್ಕಳಿಗೆ ನಕ್ಷೆ ಓದುವುದು ಹೊಸದೇನಲ್ಲ.

ಆಟದ ನಕ್ಷೆಯಲ್ಲಿ ಹೊರಡುವ ಜಾಗಕ್ಕೆ ತ್ರಿಕೋನ, ಹುಡುಕಬೇಕಾದ ಠಾಣೆಗಳಿಗೆ ವೃತ್ತ, ಮುಕ್ತಾಯಕ್ಕೆ ಜೋಡಿ ವೃತ್ತ ಇರುತ್ತವೆ. ಠಾಣೆಯಲ್ಲಿ ಬಿಳಿ ಮತ್ತು ಕಿತ್ತಳೆ ಬಣ್ಣದ, ಮೂವತ್ತು ಸೆಂಟಿಮೀಟರ್ ಚೌಕದ ಗುರುತು ತೂಗುಹಾಕುತ್ತಾರೆ. ಅಂಥದು ಇಲ್ಲದಿದ್ದರೆ ಬಣ್ಣದ ರಟ್ಟು ಕಟ್ಟಿದರೂ ಸಾಕು.

ಕಣ್ಣಿನ ಬದಲು ಕಾಗದ

ಮಾಮೂಲಿ ಪ್ರವಾಸದಲ್ಲಿ ಮಕ್ಕಳ ರಕ್ಷಣೆ ಶಿಕ್ಷಕರ ಕಣ್ಣಿನಲ್ಲಿರುತ್ತದೆ. ಸಾಲಾಗಿ ನಡೆಸುತ್ತಾರೆ, ಮುಂದೊಬ್ಬರು, ಹಿಂದೊಬ್ಬರು ಇರುತ್ತಾರೆ. ಓರಿಯೆಂಟೀರಿಂಗ್‌ನಲ್ಲಿ ಮಕ್ಕಳನ್ನು ಬೇಕೆಂದೇ ಕಣ್ಣಿನಿಂದ ದೂರ ಕಳಿಸುತ್ತೇವೆ. ಆಟದ ಸ್ವಾರಸ್ಯವೇ ಅದು, ಅಪಾಯವೂ ಅಲ್ಲಿಯೇ. ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬೇರೆ ಯಾವುದಾದರೂ ಮಾಡಬೇಕು. ಅದು ಒಂದು ವಹಿ: ಯಾರು ಹೋದರು, ಎಷ್ಟು ಗಂಟೆಗೆ ಹೋದರು, ಎಷ್ಟು ಗಂಟೆಗೆ ಬರಬೇಕು, ಬರದಿದ್ದರೆ ಯಾವ ನಿಮಿಷಕ್ಕೆ ಯಾರು ಹುಡುಕಲು ಏಳಬೇಕು.

ಆವಕ-ಜಾವಕ ವಹಿ ಬರೆಯುತ್ತಲೇ ನೌಕರಿ ಮುಗಿಸಿದವನು ನಾನು. ಹೋದ ಕಾಗದ ಎಲ್ಲಿದೆ ಎಂದು ಸಾಹೇಬರು ಕೇಳಿದಾಗ ಉತ್ತರ ಕೊಡುವುದು ನೆನಪಲ್ಲ, ವಹಿ. ಕಾಗದಕ್ಕೇ ಅಷ್ಟು ಲೆಕ್ಕ ಇಡುವ ನಾವು ಮಕ್ಕಳಿಗೆ ಅದಕ್ಕಿಂತ ಕಡಿಮೆ ಇಡಬಾರದು. ಈ ಲೇಖನದ ಒಟ್ಟು ಸಾರ ಇಷ್ಟೇ. ಉಳಿದದ್ದು ವಿವರ.

ಸ್ಥಳದ ಆಯ್ಕೆ

ಮೊದಲ ಆಟಕ್ಕೆ ಕಾಡು, ಗುಡ್ಡ ಬೇಡವೇ ಬೇಡ. ಶಾಲೆಯ ಆವರಣ ಸಾಕು. ಮಕ್ಕಳೇ ಹೆಜ್ಜೆ ಅಳೆದು 1:1,000 ಪ್ರಮಾಣದಲ್ಲಿ, ಅಂದರೆ ಒಂದು ಸೆಂಟಿಮೀಟರಿಗೆ ಹತ್ತು ಮೀಟರಿನಂತೆ, ನಕ್ಷೆ ಬರೆಯಲಿ. ಎರಡನೆಯ ಸಲ ಊರಿನ ಓಣಿ ಮತ್ತು ಹೊಲದ ಅಂಚು. ಇವೆರಡರಲ್ಲಿ ನುರಿತ ಮಕ್ಕಳಿಗೆ ಮಾತ್ರ ಮೂರನೆಯ ಹಂತವಾಗಿ ಗುಡ್ಡ ಅಥವಾ ಕೋಟೆ.

ನಮ್ಮ ಗಡಿನಾಡು ಒಂದೇ ತರಹದ ನೆಲವಲ್ಲ. ಅಪಾಯವೂ ಊರಿಂದೂರಿಗೆ ಬೇರೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಬಯಲು ನೆಲ. ದೂರದವರೆಗೆ ಕಾಣುತ್ತದೆ ಎಂಬ ಧೈರ್ಯ ಬೇಡ. ಕಟ್ಟೆಯಿಲ್ಲದ ಬಾವಿ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಮುಚ್ಚದ ಬೋರ್‌ವೆಲ್ ಇಲ್ಲಿಯ ಮುಖ್ಯ ಅಪಾಯಗಳು. ಕೃಷಿ ಹೊಂಡದ ಅಂಚು ಜಾರುತ್ತದೆ, ಒಳಗೆ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಸೊಲ್ಲಾಪುರದ ಹತ್ತಿರದ ನಾನ್ನಜ್ ಅಭಯಾರಣ್ಯದ ಹುಲ್ಲುಗಾವಲಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬಾರದು.

ಆದವಾನಿ, ರಾಯದುರ್ಗ, ಮಡಕಶಿರಾ ಕಡೆ ಬಂಡೆಗುಡ್ಡ ಮತ್ತು ಕೋಟೆ. ಕಲ್ಲುಬಂಡೆ ಏರುವುದು ಸುಲಭ, ಇಳಿಯುವುದು ಕಷ್ಟ. ಹಾಳುಬಿದ್ದ ಗೋಡೆಯ ಮೇಲೆ, ಬುರುಜಿನ ಅಂಚಿನಲ್ಲಿ ಠಾಣೆ ಇಡಲೇಬಾರದು. ಬಂಡೆಯ ಸಂದಿಯಲ್ಲಿ ಹೆಜ್ಜೇನು, ಕಲ್ಲಿನಡಿ ಗರಗಸ ಮಂಡಲ ಹಾವು ಇರಬಹುದು. ಬಳ್ಳಾರಿ–ರಾಯದುರ್ಗ ನಡುವಿನ ಕಬ್ಬಿಣದ ಅದಿರಿನ ಗುಡ್ಡಗಳ ಬಳಿ ದಿಕ್ಸೂಚಿಯ ಮುಳ್ಳು ಸರಿಯಾದ ಉತ್ತರ ತೋರಿಸದೆ ವಾಲಬಹುದು ಎಂಬುದೂ ನೆನಪಿರಲಿ.

ಕಾಸರಗೋಡು ಕಡೆ ಕೆಂಪುಕಲ್ಲಿನ ಕೋರೆಗಳೇ ದೊಡ್ಡ ಗಂಡಾಂತರ. ಕಲ್ಲು ತೆಗೆದು ಬಿಟ್ಟ ಹೊಂಡಗಳಲ್ಲಿ ಮಳೆನೀರು ನಿಂತು, ಸುತ್ತ ಹುಲ್ಲು ಬೆಳೆದು, ಹತ್ತಿರ ಹೋಗುವ ತನಕ ಕಾಣುವುದಿಲ್ಲ. ಗುಡ್ಡದೊಳಕ್ಕೆ ಕೊರೆದ ನೀರಿನ ಸುರಂಗಗಳು ಮಕ್ಕಳ ಕುತೂಹಲವನ್ನು ಸೆಳೆಯುತ್ತವೆ. ಒಳಹೊಗಬಾರದೆಂದು ಮೊದಲೇ ಹೇಳಿರಬೇಕು.

ವಯನಾಡು, ನೀಲಗಿರಿ, ತಾಳವಾಡಿ ಕಡೆ ಆನೆ, ಕಾಟಿ, ಕರಡಿಗಳ ಸಂಚಾರವಿದೆ. ತಾಳವಾಡಿಯ ಸುತ್ತ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಿದೆ. ಇಲ್ಲಿ ಮಕ್ಕಳನ್ನು ಬಿಡಿಬಿಡಿಯಾಗಿ ಕಾಡಿನೊಳಗೆ ಕಳಿಸುವ ಆಟ ಸಲ್ಲದು. ಶಾಲೆಯ ಮೈದಾನ, ಊರಿನ ಒಳಗೆ ಮಾತ್ರ ಆಡಿಸಿ. ಕಾಡು ತೋರಿಸುವುದಿದ್ದರೆ ಅರಣ್ಯ ಇಲಾಖೆಯವರ ಜೊತೆಗೆ, ಒಂದೇ ಗುಂಪಾಗಿ. ನೀಲಗಿರಿಯ ಚಹಾ ತೋಟಗಳಲ್ಲಿ ಮಂಜು ಇಳಿದರೆ ಹತ್ತು ನಿಮಿಷದಲ್ಲಿ ದಾರಿ ಮಾಯವಾಗುತ್ತದೆ. ವಯನಾಡಿನಲ್ಲಿ ಜನವರಿಯಿಂದ ಬೇಸಿಗೆ ಮುಗಿಯುವವರೆಗೆ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆಯ ಭಯ ಉಂಟು. ಮಂಗ ಸತ್ತ ಸುದ್ದಿಯಿದ್ದ ಕಡೆ ಹೋಗಲೇಬೇಡಿ.

ಎಲ್ಲಿಯೇ ಆಗಲಿ, ಆಟದ ಹಿಂದಿನ ವಾರ ಇಬ್ಬರು ಶಿಕ್ಷಕರು ಇಡೀ ದಾರಿಯನ್ನು ಕಾಲಿನಿಂದ ನಡೆದು ನೋಡಬೇಕು. ಹೊಲ, ತೋಟದ ಮಾಲೀಕರಿಗೆ ಹೇಳಬೇಕು. ದನ ಕಾಯುವವರನ್ನು ಮಾತಾಡಿಸಬೇಕು. ಯಾವ ಬಾವಿ ಎಲ್ಲಿದೆ, ಜೇನು ಎಲ್ಲಿ ಕಟ್ಟಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ.

ನಕ್ಷೆಯಲ್ಲೇ ಬೇಲಿ ಹಾಕಿ

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆ ಪ್ರದೇಶದ ಪರಿಚಯಕ್ಕೆ ಒಳ್ಳೆಯದು. ಅದರಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು. ಆದರೆ ಮಕ್ಕಳ ಆಟಕ್ಕೆ ಅದು ಬಹಳ ಚಿಕ್ಕದು. 1:5,000 ಪ್ರಮಾಣಕ್ಕೆ, ಅಂದರೆ ಸೆಂಟಿಮೀಟರಿಗೆ 50 ಮೀಟರಿನಂತೆ, ಕೈಯಿಂದ ಬರೆದು ಜೆರಾಕ್ಸ್ ಮಾಡಿಸಿದರೆ ಅನುಕೂಲ. ಅದರಲ್ಲಿ ಇವಿಷ್ಟು ಇರಲಿ:

1. ನಾಲ್ಕೂ ದಿಕ್ಕಿಗೆ ಮಗುವಿಗೆ ತಾನಾಗಿ ಗೊತ್ತಾಗುವ ಗಡಿ: ಡಾಂಬರು ರಸ್ತೆ, ರೈಲು ಹಳಿಯ ಈಚೆ, ಕಾಲುವೆ, ತಂತಿಬೇಲಿ. ಅದನ್ನು ದಾಟಿದರೆ ಆಟದ ಹೊರಗೆ. ಒಂದು ಕಡೆ ಅಂಥ ಗಡಿ ಇಲ್ಲದಿದ್ದರೆ ಅಲ್ಲಿ ಒಬ್ಬರು ದೊಡ್ಡವರನ್ನು ನಿಲ್ಲಿಸಿ.
2. ಬಾವಿ, ಹೊಂಡ, ಕೋರೆ, ಕಡಿದಾದ ಬಂಡೆಯ ಮೇಲೆ ಕೆಂಪು ಗೆರೆ. ಅವುಗಳಿಂದ ನೂರು ಮೀಟರಿನೊಳಗೆ ಠಾಣೆ ಬೇಡ.
3. ‘ಕಾಪಾಡುವ ದಿಕ್ಕು’. ಉದಾಹರಣೆಗೆ: ದಾರಿ ತಿಳಿಯದಿದ್ದರೆ ನೇರ ಪಶ್ಚಿಮಕ್ಕೆ ನಡೆ, ದೊಡ್ಡ ರಸ್ತೆ ಸಿಗುತ್ತದೆ, ಅಲ್ಲೇ ನಿಲ್ಲು. ನಡುವೆ ನೀರು, ಬಂಡೆ ಇಲ್ಲದ ದಿಕ್ಕನ್ನೇ ಆರಿಸಬೇಕು. ಅಂಥ ದಿಕ್ಕು ಸಿಗದ ಜಾಗ ಈ ಆಟಕ್ಕೆ ತಕ್ಕದ್ದಲ್ಲ.
4. ಊರಿನ ಹೆಸರು ಎರಡೂ ರೂಪದಲ್ಲಿ. ನಾವು ಆದವಾನಿ ಎನ್ನುವುದು ಸರಕಾರಿ ನಕ್ಷೆಯಲ್ಲಿ ಆದೋನಿ. ಹಳ್ಳಿಗಳ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಆಂಬುಲೆನ್ಸ್ ಕರೆಯುವಾಗ ಅಲ್ಲಿಯವರಿಗೆ ತಿಳಿಯುವ ಹೆಸರೇ ಬೇಕು.

ದಿಕ್ಸೂಚಿಯನ್ನು ಮೊಬೈಲು, ಮೋಟಾರು ಸೈಕಲ್ಲು, ಕಬ್ಬಿಣದ ಗೇಟು, ವಿದ್ಯುತ್ ತಂತಿಗಳಿಂದ ದೂರ ಹಿಡಿಯಬೇಕೆಂದು ಕಲಿಸಿ. ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ದಕ್ಷಿಣ ಭಾರತದಲ್ಲಿ ಕಡಿಮೆ. ಶಾಲಾ ಆಟಕ್ಕೆ ಅದರ ಲೆಕ್ಕ ಬೇಕಿಲ್ಲ.

ಗುಂಪು, ಗಡಿಯಾರ, ವಹಿ

ಒಂದು ಮಾದರಿ ಲೆಕ್ಕ ನೋಡಿ. 36 ಮಕ್ಕಳು, ಮೂವರಂತೆ 12 ಗುಂಪು. ಐದು ಠಾಣೆ, ನಡಿಗೆ ಸುಮಾರು ಮೂರೂವರೆ ಕಿಲೋಮೀಟರು. ಗಂಟೆಗೆ ಮೂರು ಕಿಲೋಮೀಟರಿನಂತೆ 70 ನಿಮಿಷ, ಠಾಣೆಗೆ ನಾಲ್ಕರಂತೆ 20 ನಿಮಿಷ, ಒಟ್ಟು 90 ನಿಮಿಷ. ಗುಡ್ಡ ಏರುವುದಿದ್ದರೆ ಪ್ರತಿ 100 ಮೀಟರ್ ಎತ್ತರಕ್ಕೆ ಇನ್ನೂ ಹತ್ತು ನಿಮಿಷ ಸೇರಿಸಿ. ಐದು ನಿಮಿಷಕ್ಕೊಂದು ಗುಂಪಿನಂತೆ ಬೆಳಿಗ್ಗೆ 8ಕ್ಕೆ ಮೊದಲ ಗುಂಪು, 8.55ಕ್ಕೆ ಕೊನೆಯ ಗುಂಪು ಹೊರಡುತ್ತದೆ. ಆಟ ಮುಗಿಯುವುದು 10.30ಕ್ಕೆ, ಬಿಸಿಲು ಏರುವ ಮೊದಲು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆಟ 10.30ರವರೆಗೆ ಇದೆ ಎಂದು 10.30ರವರೆಗೆ ಕಾಯುತ್ತ ಕುಳಿತರೆ, 8ಕ್ಕೆ ಹೊರಟು ದಾರಿ ತಪ್ಪಿದ ಗುಂಪು ಒಂದು ತಾಸು ವೃಥಾ ಕಷ್ಟಪಡುತ್ತದೆ. ಆದ್ದರಿಂದ ಪ್ರತಿ ಗುಂಪಿಗೂ ಅದರದೇ ಗಡುವು ಬರೆಯಬೇಕು. 8ಕ್ಕೆ ಹೋದವರ ಗಡುವು 9.30.

ವಹಿಯಲ್ಲಿ ಈ ಕಾಲಂಗಳು ಸಾಕು: ಗುಂಪಿನ ಸಂಖ್ಯೆ; ಮೂವರ ಹೆಸರು; ತೊಟ್ಟ ಬಟ್ಟೆಯ ಬಣ್ಣ; ಕಾಯಿಲೆ, ಔಷಧಿ; ಪಾಲಕರ ಫೋನು; ಹೊರಟ ಸಮಯ; ಬರಬೇಕಾದ ಸಮಯ; ಬಂದ ಸಮಯ; ಸಹಿ.

- ವಹಿ ಹಿಡಿದವರಿಗೆ ಬೇರೆ ಕೆಲಸ ಕೊಡಬೇಡಿ. ಅವರೇ ಉಪ್ಪಿಟ್ಟು ಹಂಚುವುದು, ಅವರೇ ಫೋಟೊ ತೆಗೆಯುವುದು ಆಗಬಾರದು.
- ತಲೆ ಎಣಿಸಿದರೆ ಸಾಲದು, ಹೆಸರು ಕರೆಯಿರಿ. ಓಡಾಡುವ ಮಕ್ಕಳಲ್ಲಿ ಒಬ್ಬನನ್ನೇ ಎರಡು ಸಲ ಎಣಿಸಿ ‘36 ಸರಿ’ ಎನ್ನುವುದು ಸುಲಭ.
- ಆಟ ಅರ್ಧಕ್ಕೆ ಬಿಟ್ಟವರೂ ಮುಕ್ತಾಯದ ಜಾಗಕ್ಕೆ ಬಂದು ಸಹಿ ಮಾಡಲೇಬೇಕು. ಇದು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿಯೂ ಇರುವ ನಿಯಮ. ‘ಮಾಮನ ಮನೆ ಇಲ್ಲೇ ಇದೆ’ ಎಂದು ನಡುವಿನಿಂದಲೇ ಹೋಗಿಬಿಡುವ ಒಬ್ಬ ಹುಡುಗನಿಗಾಗಿ ಇಡೀ ಊರು ಬಾವಿ ಇಣುಕಬೇಕಾಗುತ್ತದೆ.
- ಆಸ್ತಮಾ, ಮೂರ್ಛೆರೋಗ, ಜೇನು ಕಚ್ಚಿದರೆ ಮೈ ಊದುವ ಪ್ರಕೃತಿ ಇರುವ ಮಕ್ಕಳ ಔಷಧಿ ಮಗುವಿನ ಜೊತೆಯಲ್ಲಿರಬೇಕು, ಬಸ್ಸಿನಲ್ಲಲ್ಲ.
- ಈ ಲೆಕ್ಕದ 36 ಮಕ್ಕಳಿಗೆ ಕನಿಷ್ಠ ಆರು ಮಂದಿ ದೊಡ್ಡವರು ಬೇಕೆಂಬುದು ನಮ್ಮ ಸಲಹೆ: ವಹಿಗೆ ಒಬ್ಬರು, ಪ್ರಥಮ ಚಿಕಿತ್ಸೆಗೆ ಒಬ್ಬರು, ಅಪಾಯದ ಜಾಗಗಳಲ್ಲಿ ಇಬ್ಬರು, ದಾರಿಯಲ್ಲಿ ಸುತ್ತಾಡಲು ಇಬ್ಬರು. ಹುಡುಗಿಯರಿದ್ದರೆ ಶಿಕ್ಷಕಿಯರು ಇರಲೇಬೇಕು.
- ಪಾಲಕರ ಲಿಖಿತ ಒಪ್ಪಿಗೆ ಮತ್ತು ಆಯಾ ರಾಜ್ಯದ ಶಿಕ್ಷಣ ಇಲಾಖೆಯ ಈಗಿನ ಸುತ್ತೋಲೆಯಂತೆ ಅನುಮತಿ ಪಡೆದು ಅದೇ ಕಡತದಲ್ಲಿಡಿ. ಒಪ್ಪಿಗೆ ಪತ್ರದಲ್ಲಿ ‘ಪ್ರವಾಸ’ ಎಂದಷ್ಟೇ ಬರೆಯದೆ, ಮಕ್ಕಳು ಶಿಕ್ಷಕರಿಲ್ಲದೆ ಮೂವರ ಗುಂಪಾಗಿ ನಡೆಯುತ್ತಾರೆ ಎಂದು ಸ್ಪಷ್ಟವಾಗಿ ತಿಳಿಸಿ.

ಮಕ್ಕಳಿಗೆ ಬಾಯಿಪಾಠ ಆಗಬೇಕಾದ ಐದು ಮಾತು

1. ಮೂವರೂ ಒಟ್ಟಿಗೆ. ಒಬ್ಬರಿಗೆ ಪೆಟ್ಟಾದರೆ ಮೂವರೂ ಅಲ್ಲೇ.
2. ದಾರಿ ತಪ್ಪಿತು ಅನಿಸಿದರೆ ಓಡಬೇಡ. ನಿಲ್ಲು, ನೀರು ಕುಡಿ, ನಕ್ಷೆ ನೋಡು.
3. ಕೊನೆಗೆ ಕಂಡ ಗುರುತಿಗೆ ಹಿಂತಿರುಗು. ಅದೂ ಆಗದಿದ್ದರೆ ಕಾಪಾಡುವ ದಿಕ್ಕು ಹಿಡಿ. ಅದೂ ತಿಳಿಯದಿದ್ದರೆ ನೆರಳಿನಲ್ಲಿ, ಹೊರಗಿನವರಿಗೆ ಕಾಣುವಂತೆ ಒಂದೇ ಕಡೆ ಕೂಡು.
4. ಸೀಟಿ ಊದು: ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಸುಮ್ಮನಿರು, ಮತ್ತೆ ಆರು ಸಲ. ಉತ್ತರವಾಗಿ ಮೂರು ಸೀಟಿ ಕೇಳಿದರೂ ನೀನೇ ಎದ್ದು ಹೋಗಬೇಡ, ಊದುತ್ತ ಅಲ್ಲೇ ಇರು.
5. ತಡವಾದದ್ದಕ್ಕೆ ಯಾರೂ ಬೈಯುವುದಿಲ್ಲ.

ಐದನೆಯದು ಎಲ್ಲಕ್ಕಿಂತ ಮುಖ್ಯ, ಮತ್ತು ಅದನ್ನು ಪಾಲಿಸಬೇಕಾದವರು ನಾವು. ಬೈಗುಳದ ಹೆದರಿಕೆಯಿಂದ ಮಗು ಅಡ್ಡದಾರಿ ಹಿಡಿದು ಹಳ್ಳ ದಾಟುತ್ತದೆ, ಬಂಡೆ ಇಳಿಯುತ್ತದೆ, ಹುಡುಕುವವರ ದನಿ ಕೇಳಿದರೂ ಅಡಗುತ್ತದೆ. ಹೊರಡುವ ಮೊದಲು ಮುಖ್ಯೋಪಾಧ್ಯಾಯರೇ ಎಲ್ಲರೆದುರು ಈ ಮಾತು ಹೇಳಲಿ.

ಗಡುವು ಮೀರಿದಾಗ

ಬರದವರಿಗಾಗಿ ಕಾಯುವಾಗ ಪ್ರತಿಯೊಬ್ಬರೂ ‘ಇನ್ನೈದು ನಿಮಿಷ ನೋಡೋಣ’ ಎನ್ನುತ್ತಾರೆ. ಯಾರಿಗೂ ಗದ್ದಲ ಎಬ್ಬಿಸುವ ಮನಸ್ಸಿರುವುದಿಲ್ಲ. ಆದ್ದರಿಂದ ಆ ನಿರ್ಧಾರವನ್ನು ಹಿಂದಿನ ದಿನವೇ ಬರೆದಿಡಬೇಕು. ನಮ್ಮ ಸೂಚನೆ:

- ಗಡುವಿನ ನಿಮಿಷಕ್ಕೆ: ಹೊಸ ಗುಂಪು ಕಳಿಸುವುದು ನಿಲ್ಲಿಸಿ. ದಾರಿಯಲ್ಲಿರುವ ಶಿಕ್ಷಕರಿಗೆ ಫೋನು ಮಾಡಿ, ಬಂದ ಮಕ್ಕಳನ್ನು ‘ಅವರನ್ನು ಎಲ್ಲಿ ಕಂಡಿರಿ’ ಎಂದು ಕೇಳಿ.
- ಗಡುವು ಮೀರಿ 15 ನಿಮಿಷಕ್ಕೆ: ಇಬ್ಬರು ದೊಡ್ಡವರು ಆ ಗುಂಪು ಕೊನೆಗೆ ಕಂಡ ಜಾಗದಿಂದ ಹುಡುಕಾಟ ಆರಂಭಿಸಲಿ. ಮೊದಲು ನೀರಿರುವ ಜಾಗಗಳನ್ನು ನೋಡಬೇಕು.
- ಗಡುವು ಮೀರಿ 45 ನಿಮಿಷಕ್ಕೆ: 112ಕ್ಕೆ ಕರೆ, ಪಾಲಕರಿಗೆ ಸುದ್ದಿ, ಊರಿನವರಿಗೆ ಮೊರೆ. ಕಾಡಿನ ಅಂಚಾದರೆ ಅರಣ್ಯ ಇಲಾಖೆಗೂ.
- ಉಳಿದ ಮಕ್ಕಳು ಒಂದೇ ಕಡೆ ಕುಳಿತಿರಲಿ. ಹುಡುಕಲು ಮಕ್ಕಳನ್ನು ಯಾವ ಕಾರಣಕ್ಕೂ ಕಳಿಸಬಾರದು. ವಹಿಯವರು ಜಾಗ ಬಿಟ್ಟು ಏಳಬಾರದು.

ಮಗು ಸಿಕ್ಕ ಮೇಲೆ ಹುಡುಕಲು ಹೋದವರ ಹೆಸರನ್ನೂ ಕರೆಯಿರಿ.

ಹಾವು, ಹೆಜ್ಜೇನು, ಸಿಡಿಲು, ನೀರು, ಬೆಂಕಿ

ಹಾವು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಕೆಲಸ ಮಾಡುವ ಒಂದೇ ಪ್ರತಿವಿಷ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಆದ್ದರಿಂದ ಹಾವನ್ನು ಕೊಲ್ಲಲು, ಹಿಡಿಯಲು ಸಮಯ ಕಳೆಯಬೇಡಿ. ಕೊಯ್ಯುವುದು, ಚೀಪುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ. ಬಳೆ, ಉಂಗುರ, ಬೂಟು ತೆಗೆಯಿರಿ. ಕಚ್ಚಿದ ಕೈಕಾಲು ಅಲುಗದಂತೆ ಮುರಿದ ಎಲುಬಿಗೆ ಕಟ್ಟುವ ಹಾಗೆ ದಬ್ಬೆ ಕಟ್ಟಿ. ನಡೆಸದೆ ಎತ್ತಿಕೊಂಡು ಹೋಗಿ. 108ಕ್ಕೆ ಕರೆ ಮಾಡಿ. ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಹಿಂದಿನ ದಿನವೇ ಫೋನು ಮಾಡಿ ಕೇಳಿ ವಹಿಯ ರಟ್ಟಿನ ಮೇಲೆ ಬರೆದಿಡಿ.

ಹೆಜ್ಜೇನು: ಕಲ್ಲು ಎಸೆಯಬಾರದು, ಹೊಗೆ ಹಾಕಬಾರದು, ಗಾಢ ಸೆಂಟು ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಒಂದೇ ಸಮನೆ ದೂರ ಓಡಬೇಕು. ನೀರಿಗೆ ಹಾರಬಾರದು.

ಸಿಡಿಲು: ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಆಟ ನಿಲ್ಲಿಸಿ ಪಕ್ಕಾ ಕಟ್ಟಡ ಅಥವಾ ಬಸ್ಸು ಸೇರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ಒಂಟಿ ಮರ, ಗುಡ್ಡದ ನೆತ್ತಿ, ಬುರುಜು ಬಿಡಬೇಕು. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಹವಾಮಾನ ಇಲಾಖೆಯ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದ ದಿನ ಪ್ರವಾಸ ಮುಂದೂಡಿ.

ನೀರು: 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ, ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಕ್ಕು ಹೈದರಾಬಾದಿನಿಂದ ಪ್ರವಾಸ ಹೋಗಿದ್ದ 24 ವಿದ್ಯಾರ್ಥಿಗಳು ತೀರಿಕೊಂಡರು. ಅವರು ನಿಂತದ್ದು ಒಣಗಿದಂತೆ ಕಾಣುತ್ತಿದ್ದ ಕಲ್ಲುಗಳ ಮೇಲೆ. ಅಣೆಕಟ್ಟಿನ ಕೆಳಗಿನ ಯಾವ ಹೊಳೆಯ ಪಾತ್ರವನ್ನೂ ನಕ್ಷೆಯ ದಾರಿಯಾಗಿ ಬಳಸಬೇಡಿ.

ಬೆಂಕಿ: 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದ ಇಪ್ಪತ್ತಕ್ಕೂ ಹೆಚ್ಚು ಮಂದಿ ಕಾಡ್ಗಿಚ್ಚಿಗೆ ಬಲಿಯಾದರು. ಹುಲ್ಲು ಒಣಗಿದ ಫೆಬ್ರವರಿಯಿಂದ ಮೇ ತನಕ ಗುಡ್ಡ ಬೇಡ. ಮಳೆಗಾಲದಲ್ಲೂ ಬೇಡ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಬೆಟ್ಟ ಕುಸಿದು ನೂರಾರು ಜನ ಸತ್ತದ್ದನ್ನು ನಾವೆಲ್ಲ ಕಂಡಿದ್ದೇವೆ.

ಗಡಿಭಾಗದವರು ವಿಶೇಷವಾಗಿ ಗಮನಿಸಬೇಕಾದದ್ದು

ಗಡಿಯಲ್ಲಿ ಮೊಬೈಲು ಯಾವ ರಾಜ್ಯದ ಟವರು ಹಿಡಿಯುತ್ತದೆಂದು ಹೇಳಲಾಗದು. 112ಕ್ಕೆ ಕರೆ ಮಾಡಿದರೆ ಆಚೆ ಕಡೆಯ ನಿಯಂತ್ರಣ ಕೊಠಡಿಗೆ ಹೋಗುವ ಸಂಭವವಿದೆ. ಆದ್ದರಿಂದ ಮೊದಲ ಮಾತಿನಲ್ಲೇ ರಾಜ್ಯ, ಜಿಲ್ಲೆ, ತಾಲೂಕು, ಊರು ಹೇಳಿ. ಸ್ಥಳೀಯ ಪೊಲೀಸ್ ಠಾಣೆಯ ನೇರ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ಕನ್ನಡ ಶಾಲೆಯ ಮಗು ಕಾಸರಗೋಡಿನಾಚೆಗೋ ಪಂಢರಪುರದ ಕಡೆಗೋ ಪ್ರವಾಸ ಹೋದಾಗ ದಾರಿ ಕೇಳಬೇಕಾದುದು ಅಲ್ಲಿಯ ಭಾಷೆಯಲ್ಲಿ. ಒಂದೊಂದು ವಾಕ್ಯ ಬಾಯಿಪಾಠ ಮಾಡಿಸಿ: ಮಲಯಾಳದಲ್ಲಿ ‘ಎನಿಕ್ಕ್ ವಳಿ ತೆಟ್ಟಿ’, ತಮಿಳಿನಲ್ಲಿ ‘ವಳಿ ತೆರಿಯಲೆ’, ತೆಲುಗಿನಲ್ಲಿ ‘ದಾರಿ ತಪ್ಪಿಪೋಯಾನು’, ಮರಾಠಿಯಲ್ಲಿ ‘ಮಾಝೀ ವಾಟ ಚುಕಲೀ’. ಕೊರಳಿಗೆ ಹಾಕುವ ಚೀಟಿಯಲ್ಲಿ ಶಾಲೆಯ ಹೆಸರು, ಶಿಕ್ಷಕರ ಫೋನು ಎರಡೂ ಲಿಪಿಯಲ್ಲಿರಲಿ. ನಮ್ಮ ಭಾಷೆಯ ಅಭಿಮಾನಕ್ಕೆ ಇದರಿಂದ ಕುಂದಿಲ್ಲ. ಮಗು ಮನೆಗೆ ಬಂದ ಮೇಲೆ ಕನ್ನಡದಲ್ಲೇ ಕತೆ ಹೇಳುತ್ತದೆ.

ಹಿಂತಿರುಗುವ ದಾರಿಯ ಗಡಿಯಾರವನ್ನೂ ನೋಡಿ. ಸುಲ್ತಾನ್ ಬತ್ತೇರಿ–ಗುಂಡ್ಲುಪೇಟೆ ನಡುವಿನ ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. 27 ತಿರುವುಗಳ ದಿಂಬಂ ಘಟ್ಟದಲ್ಲಿಯೂ ರಾತ್ರಿ ನಿರ್ಬಂಧವಿದೆ. ಗೇಟು ಮುಚ್ಚುವ ಮೊದಲು ತಲುಪಬೇಕೆಂಬ ಅವಸರದಲ್ಲಿ ಎಣಿಕೆ ತಪ್ಪಿಸಬೇಡಿ, ಚಾಲಕರಿಗೂ ಅವಸರ ಮಾಡಬೇಡಿ. 2022ರ ಅಕ್ಟೋಬರ್ 5ರ ರಾತ್ರಿ ಕೇರಳದ ವಡಕ್ಕಂಚೇರಿಯಲ್ಲಿ ಶಾಲಾ ಪ್ರವಾಸದ ಬಸ್ಸು ಇನ್ನೊಂದು ಬಸ್ಸಿಗೆ ಡಿಕ್ಕಿ ಹೊಡೆದು ಒಂಬತ್ತು ಮಂದಿ ಸತ್ತದ್ದು ಸದಾ ನೆನಪಿರಲಿ.

ಸದಸ್ಯರಲ್ಲಿ ವಿನಂತಿ

ಇಷ್ಟೆಲ್ಲ ಓದಿ ‘ಈ ಆಟವೇ ಬೇಡ’ ಎಂದು ಯಾರೂ ತೀರ್ಮಾನಿಸಬಾರದು. ನಕ್ಷೆ ಓದಬಲ್ಲ, ಹೆದರದೆ ನಿಂತು ಯೋಚಿಸಬಲ್ಲ ಮಗು ಮುಂದೆ ಯಾವ ಊರಿಗೆ ಹೋದರೂ ಬದುಕುತ್ತದೆ. ತಮ್ಮ ಊರಿನ ಶಾಲೆಯಲ್ಲಿ ಇಂಥ ಪ್ರವಾಸ ಇದ್ದರೆ, ನಿವೃತ್ತರಾದ ಸದಸ್ಯರು ಒಂದು ಬೆಳಗಿನ ಮಟ್ಟಿಗೆ ಹೋಗಿ ವಹಿ ಹಿಡಿದು ಕೂಡಲು ಮುಂದಾಗಿರಿ. ಗುಡ್ಡ ಹತ್ತುವ ಶಕ್ತಿ ಬೇಕಿಲ್ಲ. ಒಂದು ಕುರ್ಚಿ, ಒಂದು ಗಡಿಯಾರ, ಒಂದು ಪೆನ್ನು, ಕೊನೆಯ ಹೆಸರಿನ ಮುಂದೆ ಸಹಿ ಬೀಳುವವರೆಗೆ ಏಳದಿರುವ ಹಟ ಇದ್ದರೆ ಸಾಕು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ